ಸೋಪಿನ ಡ್ರಮ್ಮು

ಹರಿಹರ
3 ಜೂನ್ 2024

ಮಗಳು ಆಮ್ನಾಳಿಗೆ ನಿನ್ನ ಅಬ್ಬಾನ ಸಲಾಮು ಮತ್ತು ದುವಾ.

ಅಳಿಯ ಫೈಸಲ್‌ಗೂ ಬೀಗಿತ್ತಿ ಮಾಬೂಬೀಯವರಿಗೂ ನನ್ನ ಸಲಾಮು ಹೇಳು. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಇಷ್ಟಕ್ಕೆ ಯಾರಾದರೂ ಅಂಚೆಯಲ್ಲಿ ಕಾಗದ ಹಾಕುತ್ತಾರಾ ಎಂದು ನಿನ್ನ ಅಮ್ಮಿ ನಗುತ್ತಾಳೆ. ನಗಲಿ. ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕೇಳುತ್ತದೆ. ಮೆಸೇಜು ಕಳಿಸಿದರೆ ನನ್ನ ಹಳೇ ಫೋನಿನಲ್ಲಿ ಕನ್ನಡದ ಬದಲು ಬರೀ ಚೌಕ ಚೌಕ ಬರುತ್ತದೆ. ನಲವತ್ತು ವರ್ಷ ತಗ್ಗುಬಿದ್ದ ಕಬ್ಬಿಣದ ಡ್ರಮ್ಮು ಬಡಿದು ಬಡಿದು ನೆಟ್ಟಗೆ ಮಾಡಿದವನ ಕಿವಿ ಇದು. ಮೆಷಿನ್ ಹಾಕಿಕೊಳ್ಳಿ ಎನ್ನುತ್ತೀ. ಹಾಕಿಕೊಂಡರೆ ನಿನ್ನ ಅಮ್ಮಿಯ ಮಾತೂ ಕೇಳುತ್ತದಲ್ಲ, ಅದರ ಯೋಚನೆ ನಿನಗಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನಗೀಗ ಐದು ತಿಂಗಳು. ಏಳು ತುಂಬುವ ಮೊದಲೇ ಬಂದು ಕರೆದುಕೊಂಡು ಹೋಗುತ್ತೇವೆ. ಹೋದ ಸಲ ಆಲಿಯಾ ಹೊಟ್ಟೆಯಲ್ಲಿದ್ದಾಗ ನಾವು ಹೊರಡುವ ದಿನ ನೋಡುತ್ತಾ ಕೂತೆವು. ಅಷ್ಟರಲ್ಲಿ ನಿನಗೆ ಬಿ.ಪಿ. ಏರಿತು, ಮಗು ಏಳು ತಿಂಗಳಿಗೇ ಹುಟ್ಟಿತು, ಹನ್ನೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಹೊರಟುಹೋಯಿತು. ತವರಿನಲ್ಲಿದ್ದಿದ್ದರೆ ಹಾಗಾಗುತ್ತಿರಲಿಲ್ಲ ಎಂದು ನಾನು ಯಾರ ಮುಂದೂ ಹೇಳಿಲ್ಲ. ಆದರೆ ಎರಡು ವರ್ಷದಿಂದ ಅದನ್ನೇ ಅಂದುಕೊಳ್ಳುತ್ತಿದ್ದೇನೆ.

ಈ ಸಲ ಅದಾಗಬಾರದು. ನಿನಗೆ ಮುಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬಚ್ಚಲಿಗೆ ಒಂದು ಹೊಸ ನೀಲಿ ಡ್ರಮ್ಮು ಇಟ್ಟಿದ್ದೇನೆ. ಎಂಟು ದಿನಕ್ಕೊಮ್ಮೆ ಬರುವ ನಿಮ್ಮ ನಲ್ಲಿಯ ನೀರು ಸಾಕು. ನಮ್ಮ ಹಿತ್ತಲ ಬಾವಿಯ ನೀರು ಕುಡಿದು ಬೆಳೆದವಳು ನೀನು, ಎರಡು ತಿಂಗಳು ಅದನ್ನೇ ಕುಡಿದರೆ ಮುಖಕ್ಕೆ ಕಳೆ ಬರುತ್ತದೆ. ಪಕ್ಕದ ಮನೆ ಭೀಮವ್ವ ದಿನಾ ಕೇಳುತ್ತಾಳೆ, "ಹುಡುಗಿ ಯಾವಾಗ ಬರ್ತಾಳಣ್ಣ?" ಎಂದು. ನಿಂಗಪ್ಪ ತೀರಿಕೊಂಡ ಮೇಲೆ ಅವಳಿಗೂ ಮನೆ ಬಿಕೋ ಎನ್ನುತ್ತದೆ.

ಯಾವ ದಿನ ಬರಲಿ, ಬರಿ.

ಇಂತಿ ನಿನ್ನ ಅಬ್ಬಾ
ಅಮೀರ್ ಜಾನ್


ದಾವಣಗೆರೆ
15 ಜೂನ್ 2024

ಅಬ್ಬಾ ಅವರಿಗೆ ಆಮ್ನಾಳ ಸಲಾಮು.

ಕಾಗದ ತಲುಪಿತು. ನಾನು ಬರುವುದಿಲ್ಲ. ಹೆರಿಗೆ ಇಲ್ಲೇ, ಬಾಣಂತನವೂ ಇಲ್ಲೇ. ಅತ್ತೆ ನೋಡಿಕೊಳ್ಳುತ್ತಾರೆ. ಅಮ್ಮಿಗೆ ಅಳಬೇಡ ಎಂದು ಹೇಳಿ. ಬೇಕಾದರೆ ಅವರೇ ಬಂದು ನಾಲ್ಕು ದಿನ ಇದ್ದು ಹೋಗಲಿ.

ಕಾರಣ ಈಗ ಕೇಳಬೇಡಿ. ಒಂದು ವಿಷಯ ಮಾತ್ರ ಬರೆದು ತಿಳಿಸಿ. ನನ್ನ ಮದುವೆಗೆ ಕೊಟ್ಟಿರಲ್ಲ ಸೋಪಿನ ಡ್ರಮ್ಮು, ಅಂಥವು ಎಷ್ಟು ಬಂದಿದ್ದವು? ಎಲ್ಲಿಂದ ಬಂದವು, ಯಾರು ಯಾರಿಗೆ ಕೊಟ್ಟಿರಿ? ನೆನಪಿದ್ದಷ್ಟೂ ಬರೆಯಿರಿ.

ನಿಮ್ಮ ಮಗಳು
ಆಮ್ನಾ


ಹರಿಹರ
22 ಜೂನ್ 2024

ಆಮ್ನಾ,

ನಿನ್ನ ಕಾಗದವನ್ನು ಅಮ್ಮಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ, ಎದ್ದು ಹೋಗಿ ಅಕ್ಕಿ ಆರಿಸತೊಡಗಿದಳು. ಅಳುವುದಕ್ಕಿಂತ ಅದು ಕಷ್ಟವಾಯಿತು ನನಗೆ. ಯಾರು ಏನಂದರು? ಮಾಬೂಬೀಯವರು ಬೇಡ ಎಂದರಾ? ಫೈಸಲ್ ಏನಾದರೂ ಅಂದನಾ? ನನ್ನ ಮನೆಗೆ ಬರಲು ನನ್ನ ಮಗಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಂದು ಜಗಳ ಮಾಡಲಾ ಹೇಳು. ಕಿವುಡನ ಜೊತೆ ಜಗಳ ಮಾಡಿ ಗೆದ್ದವರಿಲ್ಲ.

ಡ್ರಮ್ಮಿನ ವಿಷಯ ಕೇಳಿದೆ. ತವರಿನದು ಬಿಟ್ಟು ಡ್ರಮ್ಮಿನದು ಯಾಕೆ ಬೇಕಾಯಿತೋ. ಇರಲಿ, ಹೇಳುತ್ತೇನೆ.

ನಮ್ಮ ಹಳೇ ಡ್ರಮ್ಮಿನ ದಂಧೆಯಲ್ಲಿ ಡ್ರಮ್ಮಿಗೂ ಜಾತಿ ಉಂಟು. ಹೊಲಕ್ಕೆ ಹೊಡೆಯುವ ಔಷಧಿಯ ಡ್ರಮ್ಮು ನೀರಿಗೆ ಯಾವತ್ತೂ ಕೊಡಬಾರದು, ಕೊಯ್ದು ಹಾಕಬೇಕು. ಆಸಿಡ್ಡಿನದು ಕಟ್ಟಡದವರಿಗೆ. ಎಣ್ಣೆಯದು ಎಷ್ಟು ತೊಳೆದರೂ ಜಿಡ್ಡು. ಎಲ್ಲಕ್ಕಿಂತ ಒಳ್ಳೆಯದು ಸೋಪು ತುಂಬಿದ್ದ ಡ್ರಮ್ಮು. ಸೋಪು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ತೊಳೆದು, ಒಣಗಿಸಿ, ತಲೆ ಒಳಗೆ ಹಾಕಿ ಮೂಸಿದರೆ ನಮಗೆ ಗೊತ್ತಾಗುತ್ತದೆ. ಈ ಮೂಗು ಒಂದು ಸಲವೂ ತಪ್ಪಿಲ್ಲ.

ಎಂಟು ವರ್ಷದ ಹಿಂದೆ ಊರ ಹೊರಗಿನ ಒಂದು ಕಾರ್ಖಾನೆಯವರು ಬೆಂಕಿ ಆರಿಸುವ ಸಾಮಾನಿನ ಗೋದಾಮು ಖಾಲಿ ಮಾಡಿದರು. ನಲವತ್ತು ಡ್ರಮ್ಮು. ಒಳಗೇನು ಎಂದರೆ ಅಲ್ಲಿಯ ಮೇಸ್ತ್ರಿ, "ಏನಿಲ್ರಿ ಸಾಬ್ರೆ, ಬೆಂಕಿ ಆರಿಸೋ ನೊರೆ, ಸೋಪಿದ್ದಂಗ" ಎಂದ. ಕೆಲವದರಲ್ಲಿ ಕಾಲು ಭಾಗ ಇನ್ನೂ ಇತ್ತು. ಬಾವಿಯ ಪಕ್ಕದ ಗುಂಡಿಗೆ ಸುರಿದೆ. ನಿನಗೆ ನೆನಪಿರಬೇಕು, ಮೊಣಕಾಲುದ್ದ ನೊರೆ ಎದ್ದಿತ್ತು, ನೀನೂ ಭೀಮವ್ವನ ಮಗ ದಿನೇಶನೂ ಅದರೊಳಗೆ ನಿಂತು ನಕ್ಕಿದ್ದೇ ನಕ್ಕಿದ್ದು. ನಿಂಗಪ್ಪ ಒಂದು ಕೊಡ ತುಂಬಿಕೊಂಡು ಹೋಗಿ ಎಮ್ಮೆ ತೊಳೆದ. ಅಮ್ಮಿ ಆರು ತಿಂಗಳು ಬಟ್ಟೆಗೆ ಸೋಪು ಕೊಳ್ಳಲಿಲ್ಲ.

ಎಂಟು ನೀರು ಹಾಕಿ ತೊಳೆದರೂ ಆ ಡ್ರಮ್ಮುಗಳಲ್ಲಿ ನೊರೆ ಬರುತ್ತಲೇ ಇತ್ತು. ಅಷ್ಟು ಒಳ್ಳೆಯ ಸೋಪು. ಕೇಳಿದವರಿಗೆಲ್ಲ ಅವನ್ನು ಮಾರಲಿಲ್ಲ. ತೂತುಬಿದ್ದ ಮೂವತ್ತೊಂದನ್ನು ಕೊಯ್ದು ಗುಜರಿಗೆ ಹಾಕಿ, ಗಟ್ಟಿಯಿದ್ದ ಒಂಬತ್ತು ಡ್ರಮ್ಮು ನಮ್ಮವರಿಗೆ ಎಂದು ತೆಗೆದಿಟ್ಟೆ. ಮಸೀದಿಯಲ್ಲಿ ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಜೂ ನೀರಿಗೆ ಮೂರು. ಕೊಕ್ಕನೂರಿನಲ್ಲಿರುವ ನನ್ನ ತಂಗಿ, ನಿನ್ನ ಹಜೀರಾಬೀ ಫುಪ್ಪುಗೆ ಎರಡು. ಭೀಮವ್ವನಿಗೆ ಎರಡು. ಒಂದು ನಮಗೆ. ಎಲ್ಲಕ್ಕಿಂತ ಗಟ್ಟಿಯಾದ, ಹೆಚ್ಚು ನೊರೆ ಬಂದದ್ದನ್ನು ನಾಲ್ಕು ವರ್ಷ ಮೂಲೆಯಲ್ಲಿಟ್ಟು ಕಾದು ನಿನ್ನ ಮದುವೆಗೆ ಕೊಟ್ಟೆ. ಡ್ರಮ್ಮಿನವನ ಮಗಳು ಗಂಡನ ಮನೆಗೆ ಸೋಪಿನ ಡ್ರಮ್ಮು ಒಯ್ಯದೆ ಇರುತ್ತಾಳಾ?

ಸಾಕಾ? ಈಗ ನೀನು ನನ್ನ ಮಾತಿಗೆ ಉತ್ತರ ಕೊಡು. ಯಾಕೆ ಬರುವುದಿಲ್ಲ?

ನಿನ್ನ ಅಬ್ಬಾ


ದಾವಣಗೆರೆ
10 ಜುಲೈ 2024

ಅಬ್ಬಾ,

ಅತ್ತೆ ಬೇಡ ಎಂದಿಲ್ಲ. ಫೈಸಲ್ ಏನೂ ಅಂದಿಲ್ಲ. ನಿಮ್ಮ ಕಾಗದ ಓದಿ ಎರಡು ವಾರ ಆಯಿತು. ಹೇಗೆ ಬರೆಯಲಿ ಎಂದು ಗೊತ್ತಾಗದೆ ಕೂತಿದ್ದೆ. ಈಗ ನೆಟ್ಟಗೆ ಬರೆಯುತ್ತೇನೆ, ಅಮ್ಮಿಗೆ ಓದಿ ಹೇಳುವ ಮೊದಲು ನೀವೊಬ್ಬರೇ ಓದಿ.

ನನ್ನ ನಾದಿನಿ ಫಿರ್ದೌಸ್ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದಾಳಲ್ಲ. ಅವರ ಮೇಷ್ಟ್ರು ನಾಗಭೂಷಣ್ ಎಂದು. ಬಾವಿ ನೀರಿನ ಮೇಲೆ ಅವರದೊಂದು ಅಧ್ಯಯನ ನಡೆದಿದೆ. ನೆಂಟರ ಮನೆಯ ಬಾವಿ ಹತ್ತಿರವಿದೆ ಎಂದು ಫಿರ್ದೌಸ್ ರಂಜಾನಿಗೆ ಹರಿಹರಕ್ಕೆ ಬಂದಾಗ ನಮ್ಮ ಹಿತ್ತಲಿನಿಂದಲೂ ಒಂದು ಬಾಟಲಿ ತಂದಿದ್ದಳು. ಲ್ಯಾಬಿನಿಂದ ಬಂದ ಅಂಕಿ ನೋಡಿ ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ, ಬಾಟಲಿ ಅದಲುಬದಲಾಗಿದೆ ಎಂದು ಎರಡನೇ ಸಲ ತರಿಸಿದರು. ಅದೇ ಬಂತು. ಆಮೇಲೆ ಅವಳು ಇಲ್ಲಿ ನಾವು ಕುಡಿಯುವ ನೀರು ತುಂಬಿಡುವ, ನೀವು ಮದುವೆಗೆ ಕೊಟ್ಟ ಡ್ರಮ್ಮಿನ ನೀರನ್ನೂ ಲ್ಯಾಬಿಗೆ ಕೊಟ್ಟಳು. ಅದರಲ್ಲೂ ಅದೇ.

ಬೆಂಕಿ ಆರಿಸುವ ಕೆಲವು ನೊರೆಗಳಲ್ಲಿ ಫ್ಲೋರಿನ್ ಕೂಡಿಸಿ ಮಾಡಿದ ರಸಾಯನ ಇರುತ್ತದಂತೆ. ಅದು ಸೋಪಲ್ಲ ಅಬ್ಬಾ. ಮಣ್ಣಲ್ಲಿ ಕೊಳೆಯುವುದಿಲ್ಲ, ಬಿಸಿಲಿಗೆ ಒಡೆಯುವುದಿಲ್ಲ. ಗುಂಡಿಗೆ ಸುರಿದರೆ ಇಳಿದು ಇಳಿದು ಬಾವಿ ಸೇರುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ನಿಮ್ಮ ಮೂಗಿಗೆ ಸಿಗಲು ವಾಸನೆಯೂ ಇಲ್ಲ. ಕುಡಿದವರ ರಕ್ತದಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಅದು ಮಾತ್ರ ಉಳಿಯುತ್ತದೆ. ಆಲಿಯಾ ಹೊಟ್ಟೆಯಲ್ಲಿದ್ದಾಗ ಅತ್ತೆ ನನಗೆಂದು ದಿನಾ ಬೆಳಿಗ್ಗೆ ಆ ಡ್ರಮ್ಮಿನ ನೀರನ್ನು ಅರ್ಧಕ್ಕೆ ಇಂಗುವವರೆಗೆ ಕುದಿಸಿ ಕೊಡುತ್ತಿದ್ದರು. ಅವರಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಹೇಳುವುದೂ ಇಲ್ಲ. ಡ್ರಮ್ಮು ಹಳೆಯದಾಯಿತು ಎಂದಷ್ಟೇ ಹೇಳಿ ತೆಗೆಸಿಟ್ಟಿದ್ದೇನೆ.

ಡಾಕ್ಟರನ್ನು ಕೇಳಿದೆ. ಇಂಥ ನೀರು ಕುಡಿದವರಲ್ಲಿ ಬಸುರಿಯರಿಗೆ ಬಿ.ಪಿ. ಏರುವುದು, ಮಗು ಸಣ್ಣದಾಗಿ ಹುಟ್ಟುವುದು, ಥೈರಾಯ್ಡು, ಕಿಡ್ನಿಯಲ್ಲಿ ಗಡ್ಡೆ ಹೆಚ್ಚು ಕಂಡಿವೆಯಂತೆ. "ನಿಮ್ಮ ಮಗು ಇದರಿಂದ್ಲೇ ಹೋಯ್ತು ಅಂತ ಹೇಳೋಕಾಗಲ್ಲಮ್ಮ. ಅಲ್ಲ ಅಂತಾನೂ ಹೇಳೋಕಾಗಲ್ಲ" ಎಂದರು. ನಾನು ಎರಡು ವರ್ಷದಿಂದ ನನ್ನದೇ ಏನೋ ತಪ್ಪು ಎಂದುಕೊಂಡು ಬದುಕಿದ್ದೆ. ಈಗ ಅದೂ ಇಲ್ಲ, ಇದೂ ಇಲ್ಲ.

ಕಿಡ್ನಿಯಲ್ಲಿ ಗಡ್ಡೆ ಎಂದಾಗ ನನಗೆ ನಿಂಗಪ್ಪ ಕಾಕಾ ಕಣ್ಣ ಮುಂದೆ ಬಂದರು. ನಿಮಗೂ ಬಂದಿರಬೇಕು.

ಅದಕ್ಕೇ ಬರುವುದಿಲ್ಲ. ನೀರು ಕುಡಿಯಲಾಗದ ಮನೆಯಲ್ಲಿ ಬಾಣಂತನ ಹೇಗೆ ಮಾಡಿಸಿಕೊಳ್ಳಲಿ? ಅಲ್ಲಿಗೆ ಬಂದು ಕ್ಯಾನಿನ ನೀರು ಕುಡಿದರೆ ಭೀಮವ್ವ ಕಾಕಿ ಯಾಕೆ ಎಂದು ಕೇಳುವುದಿಲ್ಲವೇ? ಅವರ ಮುಖ ನೋಡಿ ಸುಳ್ಳು ಹೇಳಲಾ? ನೀವು ಮೊದಲು ಹೋಗಿ ಹೇಳಿ. ಭೀಮವ್ವ ಕಾಕಿಗೆ, ಫುಪ್ಪುಗೆ, ಮಸೀದಿಯವರಿಗೆ. ಡ್ರಮ್ಮು ಕೊಟ್ಟ ಕೈಯೇ ಹೋಗಿ ಹೇಳಬೇಕು. ಅಲ್ಲಿಯವರೆಗೆ ನನಗೆ ತವರಿಲ್ಲ ಎಂದೇ ಇಟ್ಟುಕೊಳ್ಳುತ್ತೇನೆ. ಅಮ್ಮಿಗೂ ನಿಮಗೂ ಈ ಕಾಗದದ ಜೊತೆ ಫೈಸಲ್ ಹತ್ತಿರ ಎರಡು ಕ್ಯಾನು ನೀರು ಕಳಿಸಿದ್ದೇನೆ.

ಆಮ್ನಾ


ಹರಿಹರ
12 ಜುಲೈ 2024

ಆಮ್ನಾ,

ಕ್ಯಾನುಗಳನ್ನು ಫೈಸಲ್ ಕೈಯಲ್ಲೇ ವಾಪಸು ಕಳಿಸಿದ್ದೇನೆ.

ನಿನ್ನ ಮೇಷ್ಟ್ರಿಗೆ ಎಷ್ಟು ವಯಸ್ಸು? ನಾನು ನಲವತ್ತು ವರ್ಷ ಡ್ರಮ್ಮಿನೊಳಗೆ ತಲೆ ಹಾಕಿದವನು. ಎಂಟು ನೀರು ಹಾಕಿ ನನ್ನ ಕೈಯಾರೆ ತೊಳೆದಿದ್ದೇನೆ. ಆ ಬಾವಿಯ ನೀರು ನಾನೂ ಕುಡಿದಿದ್ದೇನೆ, ನಿನ್ನ ಅಮ್ಮಿಯೂ ಕುಡಿದಿದ್ದಾಳೆ, ಕಲ್ಲಿನ ಹಾಗಿದ್ದೇವೆ. ನಿಂಗಪ್ಪ ಬೀಡಿ ಸೇದುತ್ತಿದ್ದ. ಮಗು ಹೋದದ್ದು ಅಲ್ಲಾಹನ ಇಚ್ಛೆ. ನಿನ್ನ ದುಃಖವನ್ನು ತಂದು ನನ್ನ ಡ್ರಮ್ಮಿಗೆ ತುಂಬಬೇಡ.

ತವರಿಲ್ಲ ಎಂದು ಬರೆದಿದ್ದೀ. ಸರಿ.

ಅಮೀರ್ ಜಾನ್


ಹರಿಹರ
2 ಸೆಪ್ಟೆಂಬರ್ 2024

ಮಗಳೇ ಆಮ್ನಾ,

ಇದು ನಾಲ್ಕನೆಯ ಕಾಗದ. ಮೂರನೆಯದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯಬೇಡ, ಓದು ಸಾಕು. ಜುಲೈಯಲ್ಲಿ ಬರೆದದ್ದನ್ನು ಹರಿದು ಹಾಕು. ಆಲಿಯಾಳ ಹೆಸರಿನ ಪಕ್ಕದಲ್ಲಿ ಅಂಥ ಮಾತು ಬರೆದ ಕೈ ನನ್ನದೇ ಎಂದು ನನಗೆ ನಾಚಿಕೆಯಾಗುತ್ತದೆ.

ಹೋದ ಗುರುವಾರ ನಾನು ದಾವಣಗೆರೆಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ನಾಗಭೂಷಣ್ ಮೇಷ್ಟ್ರನ್ನು ಹುಡುಕಿಕೊಂಡು ಕಾಲೇಜಿಗೆ ಹೋದೆ. ಬೈದು ಬರೋಣ ಎಂದೇ ಹೋದದ್ದು. ಒಳ್ಳೆಯ ಮನುಷ್ಯ. ನನಗೆ ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ನೋಟ್‌ಬುಕ್ಕು ತೆಗೆದು ಎದುರಿಗೆ ಕೂತರು. ನಾನು ಬಾಯಲ್ಲಿ ಕೇಳುವುದು, ಅವರು ಕನ್ನಡದಲ್ಲಿ ಬರೆದು ತೋರಿಸುವುದು. ಹನ್ನೆರಡು ಪುಟ ಆಯಿತು.

ಎಂಟು ನೀರು ಹಾಕಿ ತೊಳೆದರೂ ಬಂತಲ್ಲ ನೊರೆ, ಅದು ಏನು ಎಂದು ಕೇಳಿದೆ. ಅವರು ಬರೆದರು: "ಅದೇ ಅದು." ನೊರೆ ಬಂದಷ್ಟೂ ಡ್ರಮ್ಮು ಶುದ್ಧ ಎಂದು ನಾನು ಹಿಗ್ಗಿದ್ದೆ. ಹೆಚ್ಚು ನೊರೆ ಬಂದದ್ದನ್ನೇ ಆರಿಸಿ ನಿನಗೆಂದು ಇಟ್ಟಿದ್ದೆ, ಮಗಳೇ. ಗೊತ್ತಿಲ್ಲದವರು ಕೇಳಿದರೆ ಆಸಿಡ್ಡಿನ ಡ್ರಮ್ಮು ತೊಳೆದು ಕೊಟ್ಟು ಕಳಿಸಿದೆ. ಅವರೆಲ್ಲ ನೆಟ್ಟಗಿದ್ದಾರೆ. ಯಾರನ್ನು ನನ್ನವರು ಎಂದುಕೊಂಡೆನೋ ಅವರನ್ನು ಹುಡುಕಿ ಹುಡುಕಿ ಇದನ್ನು ಕೊಟ್ಟೆ. ಶತ್ರುವೂ ಇಷ್ಟು ಸರಿಯಾಗಿ ಆರಿಸುತ್ತಿರಲಿಲ್ಲ.

ಭೀಮವ್ವನಿಗೆ ಇನ್ನೂ ಹೇಳಿಲ್ಲ. ಎರಡು ಸಲ ಬಾಗಿಲವರೆಗೆ ಹೋದೆ. ಒಂದು ಸಲ ಸುತ್ತಿಗೆ ಕೇಳಿ ಬಂದೆ. ಇನ್ನೊಂದು ಸಲ ಅವಳು ನಮ್ಮ ಬಾವಿಯಿಂದಲೇ ಕೊಡ ತುಂಬಿಕೊಂಡು ಬರುತ್ತಿದ್ದಳು. "ಕೂಡ್ರಿ ಅಣ್ಣ" ಎಂದಳು. ಕೂರಲಿಲ್ಲ. ಕೊಡ ಕೆಳಗಿಳಿಸಲು ಕೈ ಕೊಟ್ಟು ಬಂದುಬಿಟ್ಟೆ. ಇದನ್ನು ಬರೆಯುವಾಗ ನಿನ್ನ ಅಬ್ಬಾ ಹೇಡಿ ಎಂದು ಅನಿಸುತ್ತಿದೆ.

ನಿನ್ನ ಬಿ.ಪಿ. ಎಷ್ಟಿದೆ ಎಂದು ಅಮ್ಮಿಗಾದರೂ ಫೋನಿನಲ್ಲಿ ಹೇಳು.

ಅಬ್ಬಾ


ಹರಿಹರ
29 ಸೆಪ್ಟೆಂಬರ್ 2024

ಆಮ್ನಾ,

ಹೇಳಿದೆ. ಎಲ್ಲರಿಗೂ ಹೇಳಿದೆ.

ಮಸೀದಿಗೆ ಮೊದಲು ಹೋದೆ. ಕಮಿಟಿಯ ಖಾಜಾ ಹುಸೇನ್ ನನ್ನ ಮಾತನ್ನು ಪೂರ್ತಿ ಕೇಳಿ, ಡ್ರಮ್ಮುಗಳನ್ನು ತೆಗೆಸಿ ಬೇರೆ ಇಡಿಸಿದ. ಆದರೆ ಶುಕ್ರವಾರ ನನ್ನ ಪಕ್ಕ ನಿಲ್ಲುತ್ತಿದ್ದವರು ಸ್ವಲ್ಪ ಆಚೆ ನಿಂತರು. ಕೊಕ್ಕನೂರಿಗೆ ಹೋದರೆ ನಿನ್ನ ಫುಪ್ಪು ನಗತೊಡಗಿದಳು. "ನಿನ್ನ ಡ್ರಮ್ಮಿನ ನೀರು ಕುಡಿದೇ ನನ್ನ ಮೊಣಕಾಲು ಬ್ಯಾನಿ ಹೋಗೈತೆ ಭಾಯಿ, ಬ್ಯಾಡ ಅಂದ್ರೂ ಕೊಡಲ್ಲ ನಾನು" ಎಂದಳು. ಅವಳ ಜೊತೆ ಜಗಳ ಮಾಡಿ ಎರಡನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದೆ.

ಕೊನೆಗೆ ಭೀಮವ್ವ. ದಿನೇಶ್ ಕೆಲಸಕ್ಕೆ ಹೋಗಿದ್ದ, ಅವನ ಹೆಂಡತಿ ಸುಧಾ ಕಟ್ಟೆಯ ಮೇಲೆ ಮಗುವಿಗೆ ಉಣ್ಣಿಸುತ್ತಿದ್ದಳು. ನಾನು ನಿಂತೇ ಹೇಳಿದೆ. ಡ್ರಮ್ಮು, ಗುಂಡಿ, ಬಾವಿ, ನಿನ್ನ ಮಗು, ಎಲ್ಲವನ್ನೂ. ಕುಡಿಯಬೇಡಿ ಎಂದೆ. ಭೀಮವ್ವ ಸೆರಗಿನ ಅಂಚು ಹಿಡಿದುಕೊಂಡು ನಿಂತಿದ್ದಳು. ತುಟಿ ಅಲ್ಲಾಡಿತು. ನನಗೆ ಕೇಳಿಸಲಿಲ್ಲ. ಏನು ಎಂದೆ. ಮತ್ತೆ ಹೇಳಿದಳು. ಕೇಳಿಸಲಿಲ್ಲ. ಕಿವಿ ಹತ್ತಿರ ತಂದು, ಜೋರಾಗಿ ಹೇಳು ಭೀಮವ್ವ ಎಂದೆ. ಆಗ ಅವಳು ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು, "ನಮ್ಮ ಯಜಮಾನ್ರೂ ಇದ್ರಿಂದ್ಲೇ ಹೋದ್ರೇನಣ್ಣ?"

ಗಂಡನ ಸಾವಿನ ಮಾತನ್ನು ಮೂರು ಸಲ ಆಡಿಸಿದೆ ಅವಳ ಬಾಯಲ್ಲಿ. ಗೊತ್ತಿಲ್ಲ, ಯಾರೂ ಹೇಳಲಾರರಂತೆ ಎಂದೆ. ಅದು ನಿಜ. ಆದರೆ ನಿಜ ಹೇಳುವಾಗಲೂ ತಪ್ಪಿಸಿಕೊಳ್ಳುತ್ತಿದ್ದೇನೆ ಅನಿಸಿತು.

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಚಹಾ ಮಾಡಿಕೊಂಡು ಬಂದಳು. ಎರಡು ಲೋಟ. ನಾನು ಅದನ್ನೇ ನೋಡುತ್ತಾ ಕೂತೆ. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, ಸಿಟ್ಟಿಲ್ಲದೆ ಹೇಳಿದಳು, "ಬ್ಯಾರೆ ನೀರು ಎಲ್ಲೈತಣ್ಣ ಮನ್ಯಾಗ? ನಲ್ಲಿ ಬಂದು ಆರು ದಿನ ಆತು. ಕುಡೀರಿ." ಕುಡಿದೆ. ಅವಳೂ ಕುಡಿದಳು. ಬೈದಿದ್ದರೆ ಬೇರೆಯಾಗುತ್ತಿತ್ತು. ಕಟ್ಟೆಯಿಂದ ಇಳಿಯುವಾಗ ಸುಧಾ ಬಂದು ಕೈ ಹಿಡಿದುಕೊಂಡಳು.

ಈಗ ಬಾವಿಗೆ ತಗಡು ಮುಚ್ಚಿ ಕಲ್ಲು ಹೇರಿದ್ದೇನೆ. ದಿನಾ ಬೆಳಿಗ್ಗೆ ಕೈಗಾಡಿಯಲ್ಲಿ ಕ್ಯಾನು ತಂದು ಮೊದಲು ಭೀಮವ್ವನ ಮನೆಗೆ ಇಳಿಸಿ ಆಮೇಲೆ ನಮ್ಮ ಮನೆಗೆ ತರುತ್ತೇನೆ. ಗುಂಡಿಯ ಮಣ್ಣು ಏನು ಮಾಡಬೇಕು ಎಂದು ಮೇಷ್ಟ್ರನ್ನು ಕೇಳಿದೆ. ಎಲ್ಲಿ ಹಾಕಿದರೂ ಅಲ್ಲಿ ಇರುತ್ತದೆ ಎಂದು ಬರೆದು ತೋರಿಸಿದರು. ಡ್ರಮ್ಮುಗಳೂ ಹಾಗೆಯೇ ಅಂಗಳದಲ್ಲಿ ನಿಂತಿವೆ. ಮಾರುವಂತಿಲ್ಲ, ಸುಡುವಂತಿಲ್ಲ.

ನೀನು ಹೇಳಿದ್ದೆ ಎಂದು ಮಾಡಲಿಲ್ಲ, ಮಾಡಬೇಕಾಗಿತ್ತು. ನೀನು ಬಾ ಎಂದು ಈಗ ಕರೆಯುವುದಿಲ್ಲ. ಕರೆಯಲು ನನಗೆ ಬಾಯಿಲ್ಲ.

ಅಬ್ಬಾ


ದಾವಣಗೆರೆ
20 ಅಕ್ಟೋಬರ್ 2024

ಅಬ್ಬಾ ಅವರಿಗೆ ಆಮ್ನಾಳ ಸಲಾಮು.

ಅಮ್ಮಿ ಇಲ್ಲೇ ಇರುವುದರಿಂದ ಸುದ್ದಿ ನಿಮಗೆ ತಲುಪಿರುತ್ತದೆ. ಆದರೂ ನಾನೇ ಬರೆಯಬೇಕು. ಬಿ.ಪಿ. ಏರಿತು ಎಂದು ಹದಿನಾಲ್ಕಕ್ಕೆ ಆಪರೇಷನ್ ಮಾಡಿದರು. ಹೆಣ್ಣು. ಒಂದು ಕೆಜಿ ಒಂಬೈನೂರು ಗ್ರಾಂ. ಮೂರು ದಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಈಗ ನನ್ನ ಪಕ್ಕದಲ್ಲಿದ್ದಾಳೆ. ಉಸಿರಾಡುತ್ತಿದ್ದಾಳಾ ಎಂದು ಘಳಿಗೆಗೊಮ್ಮೆ ಮುಟ್ಟಿ ನೋಡುತ್ತೇನೆ. ಆಡುತ್ತಿದ್ದಾಳೆ.

ಭೀಮವ್ವ ಕಾಕಿಯ ಮನೆಗೆ ಹೋದದ್ದನ್ನು ಬರೆದಿರಲ್ಲ, ಆ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ ನಾನು. ನಿಮ್ಮನ್ನು ಅಲ್ಲಿಗೆ ಕಳಿಸಿದವಳು ನಾನು. ಸರಿಯಾದದ್ದನ್ನೇ ಮಾಡಿಸಿದೆ. ಆದರೂ ನೀವು ಅವರ ಬಾಯಿಗೆ ಕಿವಿಯೊಡ್ಡಿ ನಿಂತದ್ದು ಕಣ್ಣಿಗೆ ಕಟ್ಟಿದೆ.

ಇನ್ನೊಂದು ವಿಷಯ ನಿಮಗೆ ಹೇಳಬೇಕು, ಬೇರೆ ಯಾರಿಗೂ ಹೇಳಲಾರೆ. ಹೆರಿಗೆಗೆ ಮೊದಲು ನಾಗಭೂಷಣ್ ಮೇಷ್ಟ್ರನ್ನು ಕೇಳಿದ್ದೆ, ನನ್ನ ಮೈಯಿಂದ ಇದು ಯಾವಾಗ ಹೋಗುತ್ತದೆ ಎಂದು. ಅವರು ತಡವರಿಸಿದರು. ನಾನು ಬಿಡಲಿಲ್ಲ. ಹೆಂಗಸರಲ್ಲಿ ಬೇಗ ಕಡಿಮೆಯಾಗುತ್ತದಂತೆ, ಯಾಕೆಂದರೆ ಬಸಿರಿನಲ್ಲಿ ಒಂದಿಷ್ಟು ಮಗುವಿಗೆ ಹೋಗುತ್ತದೆ. ಹಾಲಿನಲ್ಲಿ ಇನ್ನಷ್ಟು ಹೋಗುತ್ತದೆ. ತಾಯಿಯದು ಇಳಿದ ಹಾಗೆ ಮಗುವಿನದು ಏರುತ್ತದೆ. ಮೊದಲ ಮಗುವಿಗೆ ಹೆಚ್ಚು. ಅಂದರೆ ಆಲಿಯಾ ತನ್ನ ಪಾಲಿಗಿಂತ ಹೆಚ್ಚೇ ತೆಗೆದುಕೊಂಡು ಹೋದಳು. ಪೆಟ್ಟಿಗೆಯಲ್ಲಿದ್ದ ಆ ಹನ್ನೊಂದು ದಿನ ಹಾಲು ಹಿಂಡಿ ನಳಿಗೆಯಲ್ಲಿ ಬಿಡಿಸುತ್ತಿದ್ದೆ ನಾನು. ಒಂದು ಹನಿ ಹೆಚ್ಚು ಕುಡಿದಳು ಎಂದು ನರ್ಸು ಹೇಳಿದರೆ ಆ ದಿನವೆಲ್ಲ ಖುಷಿಯಾಗಿರುತ್ತಿದ್ದೆ.

ಡಾಕ್ಟರು, ಎದೆಹಾಲು ಕೊಡಲೇಬೇಕು ಎಂದರು. ಇಷ್ಟು ಸಣ್ಣ ಮಗುವಿಗೆ ಹಾಲಿನಿಂದ ಆಗುವ ಒಳ್ಳೆಯದು ಆ ಕೆಟ್ಟದ್ದಕ್ಕಿಂತ ದೊಡ್ಡದಂತೆ. ಪುಡಿ ಕಲಸಿ ಕೊಡೋಣ ಎಂದರೆ ಅದಕ್ಕೂ ನೀರೇ ಬೇಕಲ್ಲ. ತಲೆಗೆಲ್ಲ ಅರ್ಥವಾಯಿತು. ಆದರೆ ಮಗುವನ್ನು ತಂದು ಮಡಿಲಿಗಿಟ್ಟಾಗ ನಾನು ಗೋಡೆಯ ಕಡೆ ತಿರುಗಿಬಿಟ್ಟೆ. ಅತ್ತೆಗೆ ಏನೂ ಗೊತ್ತಿಲ್ಲ. "ಯಾಕ ಬೇಟಿ, ಕೂಸು ಬಾಯಿ ತೆರೀತೈತೆ ನೋಡು, ಹಸಿದೈತೆ" ಎಂದು ನನ್ನ ಭುಜ ಸವರಿದರು. ಅಮ್ಮಿ ಎಲ್ಲ ಗೊತ್ತಿದ್ದೂ ಬಾಗಿಲ ಹತ್ತಿರ ನಿಂತಿದ್ದರು.

ತಿರುಗಿದೆ. ಎತ್ತಿಕೊಂಡೆ. ಕೊಟ್ಟೆ. ಸಣ್ಣ ಬಾಯಿ, ಆದರೆ ಎಷ್ಟು ಬಲವಾಗಿ ಹಿಡಿಯುತ್ತಾಳೆ ಗೊತ್ತಾ ಅಬ್ಬಾ. ಕುಡಿಯುತ್ತಾ ಕಣ್ಣು ತೆರೆದು ನನ್ನನ್ನೇ ನೋಡುತ್ತಾಳೆ, ನಂಬಿಕೊಂಡು.

ನೀವು ಗೊತ್ತಿಲ್ಲದೆ ಕೊಟ್ಟಿರಿ. ನಾನು ಗೊತ್ತಿದ್ದೂ ಕೊಡುತ್ತಿದ್ದೇನೆ, ದಿನಕ್ಕೆ ಎಂಟು ಸಲ, ಮುತ್ತಿಟ್ಟು. ಇಷ್ಟು ದಿನ ನಿಮ್ಮ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಇನ್ನು ಎಲ್ಲಿಡಲಿ ಎಂದು ಗೊತ್ತಾಗುತ್ತಿಲ್ಲ. ಬಂದು ನನ್ನ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಿಮ್ಮ
ಆಮ್ನಾ